ಒಳ್ಳೆಯ ಕೈಗೆ ಪ್ಲಾಸ್ಟರ್

ಆ ಹುಡುಗಿಯ ಬಿಗಿದ ಕೈ ಎಡಗೈ. ನಾನು ಪ್ಲಾಸ್ಟರ್ ಹಾಕಿದ್ದು ಬಲಗೈಗೆ.

ಹಳಿಯಾಳದ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ, ಅದರ ಮೇಲೆ ಅವರ ಮನೆ. ನಡುಮನೆಯಲ್ಲಿ ಚಾಪೆ ಹಾಸಿ, ಬಕೆಟ್ಟಿನಲ್ಲಿ ನೀರಿಟ್ಟುಕೊಂಡು, ಅವಳ ಬಲ ಮುಂಗೈಗೆ ಹತ್ತಿ ಸುತ್ತಿ, ಅದರ ಮೇಲೆ ಒದ್ದೆ ಪಟ್ಟಿಯನ್ನು ಮೊಣಕೈಯಿಂದ ಬೆರಳಿನ ಗೆಣ್ಣುಗಳವರೆಗೆ ಸುತ್ತುತ್ತಿದ್ದೆ. ಹುಡುಗಿಗೆ ಹದಿನೇಳು, ಪಿಯುಸಿ ಓದುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಅವಳ ಆಯಿ, ಅಂದರೆ ತಂದೆಯ ತಾಯಿ, ತಡೆಯಲಾರದೆ ಕೇಳಿದರು.

"ಡಾಕ್ಟರಬಾಯಿ, ಛಲೋ ಕೈಗೆ ಯಾಕ ಕಟ್ಟಾಕ ಹತ್ತೀರಿ? ಸೆಟದ ಕೈ ಆ ಕಡಿ ಐತಿ."

"ಇದನ್ನ ಕಟ್ಟಿದ್ರ ಅದು ಕೆಲಸಾ ಕಲೀತೈತ್ರಿ, ಆಯಿ," ಅಂದೆ. ನಾನು ಡಾಕ್ಟರ್ ಅಲ್ಲ, ಫಿಸಿಯೋಥೆರಪಿಸ್ಟ್. ಅದನ್ನು ತಿದ್ದುವ ಕೆಲಸ ಬಿಟ್ಟು ಬಹಳ ಕಾಲವಾಯಿತು.

ಹುಟ್ಟುವ ಮೊದಲೋ ಹುಟ್ಟುವಾಗಲೋ ಮಿದುಳಿನ ಒಂದು ಬದಿಗೆ ಪೆಟ್ಟಾದರೆ ಎದುರು ಬದಿಯ ಕೈಕಾಲು ಬಿಗಿಯುತ್ತವೆ. ಸೆರೆಬ್ರಲ್ ಪಾಲ್ಸಿಯಲ್ಲಿ ಇದೂ ಒಂದು ಬಗೆ. ಇಂಥ ಮಕ್ಕಳು ಎಲ್ಲ ಕೆಲಸವನ್ನೂ ಒಳ್ಳೆಯ ಕೈಯಲ್ಲೇ ಮುಗಿಸಿಬಿಡುತ್ತಾರೆ, ಬಿಗಿದ ಕೈ ಮೂಲೆಗುಂಪಾಗುತ್ತದೆ. ಹಾಗಾಗಿ ಒಳ್ಳೆಯ ಕೈಯನ್ನು ಮೂರು ವಾರ ಕಟ್ಟಿಹಾಕಿ, ಬಿಗಿದ ಕೈಗೆ ದಿನವಿಡೀ ಕೆಲಸ ಕೊಡುವುದು. ಇದು ನಾನು ಕಂಡುಹಿಡಿದದ್ದಲ್ಲ, ಎಲ್ಲ ಕಡೆ ಮಾಡುವಂಥದ್ದು. ಅದಕ್ಕೆ ಸ್ವಲ್ಪ ಮೊದಲು ಜೋಯಿಡಾ ಕಡೆಯ ಒಬ್ಬ ಹುಡುಗ ಇದೇ ಪ್ಲಾಸ್ಟರಿನ ನಂತರ ಬಿಗಿದ ಕೈಯಲ್ಲಿ ಮಜ್ಜಿಗೆ ಲೋಟ ಹಿಡಿದು, ಚೆಲ್ಲದೆ ಕುಡಿದಿದ್ದ. ಆ ಲೋಟ ನನ್ನ ತಲೆಗೇರಿತ್ತು ಅನ್ನಬೇಕು. ಹಳಿಯಾಳಕ್ಕೂ ಅದೇ ಹುಮ್ಮಸ್ಸಿನಲ್ಲಿ ಬಂದಿದ್ದೆ.

ಕೆಲಸ ಒಂದು ವೈದ್ಯಕೀಯ ಕಾಲೇಜಿನ ತಂಡದ್ದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳ ಹರೆಯದ ಮಕ್ಕಳ ಮಿದುಳಿನ ಚಿತ್ರವನ್ನು ಎಂ.ಆರ್.ಐ.ನಲ್ಲಿ ತೆಗೆದು, ಪೆಟ್ಟಾದ ಜಾಗಕ್ಕೂ ಕೈ ಆಡುವ ರೀತಿಗೂ ಏನು ನಂಟು ಎಂದು ನೋಡುವುದು. ಚಿತ್ರ ಅವರದು, ಕೈ ನನ್ನದು. ದಾಂಡೇಲಿಯ ಬಂಗೂರನಗರದ ನಮ್ಮ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದರೆ ಒಂದು ದಿನ ಹಳಿಯಾಳ, ಒಂದು ದಿನ ಜೋಯಿಡಾ, ಇನ್ನೊಂದು ದಿನ ಮುಂಡಗೋಡದ ಟಿಬೆಟನ್ ಕಾಲೊನಿ. ನಾನು ಇಲ್ಲದ ದಿನ ಮನೆಯವರೇ ಕೆಲಸ ಮಾಡಿಸಬೇಕಿತ್ತು.

ಈ ಮನೆಯವರು ಪ್ಲಾಸ್ಟರಿಗೆ ಒಪ್ಪಿದ್ದಕ್ಕೆ ಬೇರೆಯೇ ಕಾರಣವಿತ್ತು. ಲಿಂಗವಂತರ ಮನೆ. ಮಕ್ಕಳಿಗೆ ದೀಕ್ಷೆ ಕೊಟ್ಟ ಮೇಲೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ದಿನವೂ ಪೂಜಿಸಬೇಕು. ಇವಳ ಎಡ ಅಂಗೈಯೋ ತೆರೆಯುತ್ತಿರಲಿಲ್ಲ. ಮಣಿಕಟ್ಟು ಒಳಕ್ಕೆ ಬಾಗಿ, ಹೆಬ್ಬೆರಳು ಮುಷ್ಟಿಯೊಳಗೆ ಸಿಕ್ಕಿಕೊಂಡು, ಕೈ ಎದೆಗೆ ಅಂಟಿರುತ್ತಿತ್ತು. ಎಂಟನೆಯ ವಯಸ್ಸಿಗೆ ಆಗಬೇಕಾದ ದೀಕ್ಷೆಯನ್ನು "ಕೈ ತೆರೀಲಿ, ಆಮ್ಯಾಲ ನೋಡೂಣು" ಎಂದು ಮುಂದಕ್ಕೆ ಹಾಕಿದ್ದರು. ಈಗ ತಂಗಿಗೆ ದೀಕ್ಷೆ ಗೊತ್ತು ಮಾಡುವ ಮಾತು ನಡೆದಿತ್ತು. ಅಕ್ಕನನ್ನು ಬಿಟ್ಟು ತಂಗಿಗೆ. ಹುಡುಗಿ ಮೊದಲ ಭೇಟಿಯಲ್ಲೇ ನನಗೆ ನೇರ ಹೇಳಿದ್ದಳು: "ಮೇಡಂ, ನನಗ ನಡಿಗಿ ಗಿಡಿಗಿ ಏನೂ ಬ್ಯಾಡ್ರಿ. ಈ ಅಂಗೈ ಒಂದ ಮ್ಯಾಲ ಮಾಡಿಕೊಡ್ರಿ."

ನಮ್ಮ ಮನೆಯಲ್ಲಿ ಲಿಂಗಧಾರಣೆ ಇಲ್ಲ. ಎದೆಯ ಮೇಲೆ ಲಿಂಗದ ಕರಡಿಗೆ ಕಟ್ಟಿಕೊಂಡ ಸ್ನೇಹಿತೆಯರಿದ್ದರು, ಪೂಜೆಯನ್ನು ಮಾತ್ರ ನಾನು ಹತ್ತಿರದಿಂದ ಕಂಡಿರಲಿಲ್ಲ. ಅಂಗೈ ಮೇಲೆ ಆಗಬೇಕು, ಅಷ್ಟೇ ತಾನೆ ಅಂದುಕೊಂಡೆ. ಕೆಲಸ ಶುರು ಮಾಡಿದೆ.

ಮೊದಲ ವಾರ ಮುಗಿಯುವಷ್ಟರಲ್ಲಿ ಆ ನಡುಮನೆಗೆ ಕಾಲಿಡುವುದೇ ನನಗೆ ಸಂಕಟವಾಗತೊಡಗಿತು. ಬಲಗೈ ಪ್ಲಾಸ್ಟರಿನಲ್ಲಿ, ಎಡಗೈ ಬಿಗಿತದಲ್ಲಿ. ಹದಿನೇಳರ ಹುಡುಗಿಗೆ ತಾಯಿ ತುತ್ತು ಮಾಡಿ ಉಣ್ಣಿಸಬೇಕು, ಜಡೆ ಹಾಕಬೇಕು, ಸ್ನಾನ ಮಾಡಿಸಬೇಕು, ಬಚ್ಚಲಿಗೂ ಹಿಂದೆಯೇ ಹೋಗಬೇಕು. ಅವಳ ಕಾಲೇಜಿಗೆ ರಜೆ ಇದ್ದದ್ದರಿಂದ ಹೊರಗೆ ಹೋಗುವ ನೆಪವೂ ಇರಲಿಲ್ಲ. ಕೆಳಗಿನ ಅಂಗಡಿಯಿಂದ ಗೊಬ್ಬರದ ವಾಸನೆ ಮೇಲೆ ಬರುತ್ತಿತ್ತು. ನಾನು ಚಾಪೆಯ ಮೇಲೆ ಗೋವಿನಜೋಳದ ಕಾಳು ಹರಡಿ, "ಎಡಗೈಯಿಂದ ಆರಿಸು," ಎನ್ನುತ್ತಿದ್ದೆ. ಅವಳು ಹಲ್ಲು ಕಚ್ಚಿ, ಹೆಗಲನ್ನೇ ಎತ್ತಿ, ಮುಷ್ಟಿಯನ್ನು ಕಾಳಿನ ಮೇಲೆ ಎಳೆಯುತ್ತಿದ್ದಳು. ಕಾಳು ಚದುರುತ್ತಿತ್ತೇ ಹೊರತು ಬೆರಳು ಬಿಚ್ಚುತ್ತಿರಲಿಲ್ಲ. ಜೋಯಿಡಾದ ಹುಡುಗನಿಗೆ ಇಷ್ಟು ದಿನಕ್ಕೆ ಬೆರಳು ಸಡಿಲವಾಗಿತ್ತು.

ಒಂದು ಮಧ್ಯಾಹ್ನ ಅವಳು ಕಾಳಿನಿಂದ ಮುಖ ತಿರುಗಿಸಿದಳು.

"ನನಗ ಇದ್ದದ್ದ ಒಂದ ಕೈ ಇತ್ರಿ, ಮೇಡಂ. ಅದನ್ನೂ ನೀವು ತಗೊಂಡ್ರಿ."

ತಾಯಿ, "ಹಂಗ ಅನಬಾರದವ್ವಾ, ನಿನ್ನ ಒಳ್ಳೇದಕ್ಕ ಅಲಾ?" ಎಂದು ಸಮಾಧಾನ ಮಾಡಿದರು. ನನಗೆ ಮಾತ್ರ ಕೋಪ ಬಂತು. ಅವಳ ಮೇಲಲ್ಲ, ಯಾರ ಮೇಲೆ ಎಂದೂ ಗೊತ್ತಿರಲಿಲ್ಲ. ಮಧ್ಯದಲ್ಲಿ ಬಿಟ್ಟರೆ ಇಷ್ಟು ದಿನ ಪಟ್ಟದ್ದೂ ನೀರುಪಾಲು, ಮುಂದುವರಿಸಿದರೆ ಅವಳ ಈ ಮುಖ. ಎರಡೂ ಬೇಡವಾಗಿ ಬಸ್ಸು ಹತ್ತಿದೆ.

ಎರಡನೆಯ ವಾರದಲ್ಲಿ ನಾನು ಎಡಗೈ ನೋಡುವುದನ್ನು ಬಿಟ್ಟು ಬಲಗೈ ನೋಡಿದೆ. ಪ್ಲಾಸ್ಟರಿನ ತುದಿಯಿಂದ ಬೆರಳುಗಳು ಸ್ವಲ್ಪ ಇಣುಕುತ್ತಿದ್ದವು. ಎಡಗೈಯಿಂದ ಏನಾದರೂ ಮಾಡು ಎಂದಾಗಲೆಲ್ಲ ಆ ಬಲ ಬೆರಳುಗಳು ತಾವೂ ಆಡುತ್ತಿದ್ದವು. ಇಂಥ ಮಕ್ಕಳಲ್ಲಿ ಒಂದು ಕೈ ಆಡಿದರೆ ಇನ್ನೊಂದು ಕೈಯೂ ಅದನ್ನೇ ಮಾಡುವುದು ಅಪರೂಪವಲ್ಲ. ಕನ್ನಡಿ ಚಲನೆ ಅನ್ನುತ್ತೇವೆ. ಇವಳಲ್ಲಿ ಸ್ವಲ್ಪ ಇದೆ ಎಂದು ಮೊದಲೇ ಬರೆದುಕೊಂಡಿದ್ದೆ. ಆದರೆ ಇದು ಸ್ವಲ್ಪ ಆಗಿರಲಿಲ್ಲ. ಬಲ ಬೆರಳು ಪ್ಲಾಸ್ಟರಿನ ಅಂಚನ್ನು ತಳ್ಳಿ ಬಿಚ್ಚಲು ನೋಡಿದಾಗ ಮಾತ್ರ ಎಡ ಮುಷ್ಟಿ ಚೂರು ಸಡಿಲವಾಗುತ್ತಿತ್ತು. ಅದು ತಡೆದು ನಿಂತ ಕೂಡಲೆ ಇದೂ ನಿಲ್ಲುತ್ತಿತ್ತು.

ತಂಡದವರು ಕಳಿಸಿದ್ದ ಮಿದುಳಿನ ಚಿತ್ರಗಳನ್ನು ಮನೆಯಲ್ಲಿ ಮತ್ತೆ ತೆರೆದು ನೋಡಿದೆ. ಬಲಬದಿಯಲ್ಲಿ, ನೀರು ತುಂಬಿದ ಕುಹರದ ಮಗ್ಗುಲಲ್ಲಿ ದೊಡ್ಡ ಪೊಳ್ಳು. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಆದ ಪೆಟ್ಟು. ಕೈಗೆ ಆಜ್ಞೆ ಒಯ್ಯುವ ನರದೆಳೆಗಳ ಕಟ್ಟು ಆ ಬದಿಯಲ್ಲಿ ಹೆಸರಿಗೆ ಮಾತ್ರ ಇತ್ತು. ಸಾಮಾನ್ಯವಾಗಿ ಬಲ ಮಿದುಳು ಎಡಗೈಯನ್ನು ಆಡಿಸುತ್ತದೆ, ಎಡ ಮಿದುಳು ಬಲಗೈಯನ್ನು. ಪೆಟ್ಟು ಅಷ್ಟು ಮೊದಲೇ ಬಿದ್ದರೆ ಕೆಲವರಲ್ಲಿ ಎಡ ಮಿದುಳೇ ಎರಡೂ ಕೈಗಳನ್ನು ನೋಡಿಕೊಳ್ಳತೊಡಗುತ್ತದೆ. ಜೋಯಿಡಾದ ಹುಡುಗನಿಗೆ ಪೆಟ್ಟು ಬಿದ್ದದ್ದು ಹುಟ್ಟುವ ಹೊತ್ತಿಗೆ, ಅವನ ಬಲಬದಿಯ ಎಳೆಗಳು ಸವೆದಿದ್ದರೂ ಉಳಿದಿದ್ದವು. ಇವಳಲ್ಲಿ ಎರಡು ಕೈಗೂ ಒಂದೇ ಯಜಮಾನಿಕೆ. ನಾನು ಬಲಗೈಯನ್ನು ಕಟ್ಟಿ ಎಡಗೈಗೆ ದಾರಿ ಮಾಡಿಕೊಟ್ಟಿರಲಿಲ್ಲ, ದಾರಿ ಇದ್ದದ್ದೇ ಬಲಗೈಯ ಜೊತೆಗೆ.

ತಂಡದ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ಮಕ್ಕಳ ನರರೋಗದ ಡಾಕ್ಟರು. ತಾಳ್ಮೆಯಿಂದ ಕೇಳಿಸಿಕೊಂಡರು.

"ನೀವು ಹೇಳೂದು ಇರಬಹುದ್ರಿ, ಮೇಡಂ. ಅದನ್ನ ತಿಳ್ಕೊಳ್ಳಾಕಂತನ ಈ ಕೆಲಸಾ ಮಾಡಾಕ ಹತ್ತೇವಿ. ಆದ್ರ ನಡುವ ಪ್ಲಾಸ್ಟರ್ ತೆಗದ್ರ ನಮಗ ಏನೂ ತಿಳಿಯೂದಿಲ್ಲ. ಮೂರ ವಾರ ಮುಗಿಸ್ರಿ. ಆಮ್ಯಾಲ ನಿಮಗ ಹೆಂಗ ಬೇಕೋ ಹಂಗ ಮಾಡ್ರಿ."

ತಪ್ಪು ಮಾತಲ್ಲ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಅರ್ಧಕ್ಕೆ ತೆಗೆದರೆ ಹುಡುಗಿ ಅಧ್ಯಯನದಿಂದ ಹೊರಗೆ ಬೀಳುತ್ತಾಳೆ, ಪ್ಲಾಸ್ಟರಿನ ನಂತರದ ಎರಡನೆಯ ಚಿತ್ರವೂ ಇಲ್ಲ, ವೈದ್ಯಕೀಯ ಕಾಲೇಜಿನ ಉಪಚಾರವೂ ಇಲ್ಲ. ನನ್ನನ್ನು ಮುಂದೆ ಕರೆಯುತ್ತಾರೋ ಇಲ್ಲವೋ ಅದೂ ಗೊತ್ತಿಲ್ಲ. ದಾಂಡೇಲಿಯಂಥ ಊರಲ್ಲಿ ನನ್ನ ಕೆಲಸಕ್ಕೆ ಕರೆಯುವವರು ಸಾಲುಗಟ್ಟಿ ನಿಂತಿರುವುದಿಲ್ಲ. ಇನ್ನೊಂದೇ ವಾರ ತಾನೆ ಎಂದು ನನಗೆ ನಾನೇ ಹೇಳಿಕೊಂಡು ಹಳಿಯಾಳಕ್ಕೆ ಹೋದೆ. ಮೆಟ್ಟಿಲು ಹತ್ತಿದಾಗ ತಾಯಿ ಅವಳ ಬಾಯಿಗೆ ಅವಲಕ್ಕಿ ತಿನ್ನಿಸುತ್ತಿದ್ದರು. ಅವಳು ನನ್ನನ್ನು ನೋಡಿ, ಪ್ಲಾಸ್ಟರಿನ ಕೈಯನ್ನು ತಾನಾಗಿಯೇ ಬೆನ್ನ ಹಿಂದೆ ಮುಚ್ಚಿಟ್ಟು ಕಾಳಿನ ಮುಂದೆ ಕೂತಳು. ಅವಳು ಜಗಳವಾಡಿದ್ದರೆ ನಾನು ಆ ವಾರ ಮುಗಿಸಿಬಿಡುತ್ತಿದ್ದೆನೇನೋ. ಆ ವಿಧೇಯತೆ ನನ್ನಿಂದ ನೋಡಲಾಗಲಿಲ್ಲ. ಚೀಲದಿಂದ ಪ್ಲಾಸ್ಟರ್ ಕತ್ತರಿ ತೆಗೆದೆ.

"ಮುಗೀತೇನ್ರಿ?" ಅಂದರು ತಾಯಿ.

"ಇಲ್ರಿ. ನಾ ತಪ್ಪ ಕೈ ಹಿಡದಿದ್ದೆ," ಅಂದೆ. ಕಾಲೇಜಿನ ಕಡೆಯಿಂದ ಇನ್ನು ಏನೂ ಸಿಗಲಿಕ್ಕಿಲ್ಲ ಎಂಬುದನ್ನೂ ಆಗಲೇ ಹೇಳಿದೆ. ಅವಳ ತಂದೆ ಅಂಗಡಿಯಿಂದ ಮೇಲೆ ಬಂದು, ಪೂರ್ತಿ ಕೇಳಿ, "ಆಕಿ ಏನಂತಾಳ?" ಎಂದರು. ಆಕೆ ಪ್ಲಾಸ್ಟರಿನ ಕೈಯನ್ನು ಮುಂದೆ ಚಾಚಿದಳು. ಪ್ಲಾಸ್ಟರ್ ಕತ್ತರಿಸುವಾಗ ಹೊಟ್ಟು ಅವಳ ಮಡಿಲಿಗೆ ಉದುರಿತು. ಒಳಗಿನ ಚರ್ಮ ಬೆಳ್ಳಗೆ ಸುಕ್ಕುಗಟ್ಟಿತ್ತು.

ಅಲ್ಲಿಂದ ಮುಂದೆ ಎರಡೂ ಕೈಗಳ ಕೆಲಸ. ಹಿಟ್ಟು ನಾದುವ ಪರಾತವನ್ನು ಎರಡೂ ಕಡೆ ಹಿಡಿದು ಎತ್ತುವುದು, ಒಗೆದ ಬಟ್ಟೆ ಹಿಂಡುವುದು, ಹೊದೆಯುವ ದುಪಟಿ ಮಡಚುವುದು. ಎಲ್ಲಕ್ಕಿಂತ ಹೆಚ್ಚಾಗಿ ರೊಟ್ಟಿ. ಅವಳ ತಾಯಿ ಜೋಳದ ಹಿಟ್ಟು ನಾದಿ ಕೊಟ್ಟರೆ ಇವಳು ಎರಡೂ ಕೈ ಹಚ್ಚಿ ತಟ್ಟುತ್ತಿದ್ದಳು. ಬಲ ಅಂಗೈ ಚಪ್ಪಟೆಯಾಗಿ ಬಿದ್ದರೆ ಎಡ ಅಂಗೈಯೂ ಸೊಟ್ಟಗೆ, ತಡವಾಗಿ, ಆದರೆ ಚಪ್ಪಟೆಯಾಗಿ ಬೀಳುತ್ತಿತ್ತು. ಎಷ್ಟೋ ರೊಟ್ಟಿ ಹರಿದವು. ಹರಿದದ್ದನ್ನು ನಾವೇ ಚಟ್ನಿ ಹಚ್ಚಿ ತಿಂದೆವು. ಕೆಲವು ತಿಂಗಳ ನಂತರ ಬಲ ಅಂಗೈಯನ್ನು ಮೇಲಕ್ಕೆ ತಿರುಗಿಸಿ ತೊಡೆಯ ಮೇಲಿಟ್ಟರೆ ಎಡ ಅಂಗೈಯೂ ಹಾಗೇ ತಿರುಗಿ, ಪೂರ್ತಿ ಅಲ್ಲದಿದ್ದರೂ, ಒಂದು ಲಿಂಬೆಹಣ್ಣು ನಿಲ್ಲುವಷ್ಟು ತೆರೆಯುತ್ತಿತ್ತು.

ಆಯಿ ಅದನ್ನು ನೋಡಿ ಸೆರಗಿನಿಂದ ಕಣ್ಣೊರಸಿಕೊಂಡರು. ಮರುದಿನವೇ ತಂದೆ ಮಠಕ್ಕೆ ಹೋಗಿ ಅಜ್ಜಾರನ್ನು ಕೇಳಿಕೊಂಡು ಬಂದರು. ಮಠದ ಸ್ವಾಮಿಗಳನ್ನು ಆ ಕಡೆ ಅಜ್ಜಾರು ಅನ್ನುತ್ತಾರೆ. ಅಕ್ಕ ತಂಗಿ ಇಬ್ಬರಿಗೂ ಒಂದೇ ದಿನ ದೀಕ್ಷೆ ಎಂದು ಗೊತ್ತಾಯಿತು. ನನಗೂ ಹೆಮ್ಮೆ, ಸುಳ್ಳೇಕೆ ಹೇಳಲಿ. ದಾಂಡೇಲಿಯ ಬಸ್ಸಿನಲ್ಲಿ ಕೂತು ಮುಖ್ಯಸ್ಥರಿಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಆ ಹೆಮ್ಮೆ ಒಂದು ಬೆಳಗಿನವರೆಗೆ ಬಾಳಿತು. ಅವತ್ತು ನಾನು ಬೇಗ ಹೋಗಿದ್ದೆ. ಆಯಿ ಇನ್ನೂ ಪೂಜೆಯಲ್ಲಿದ್ದರು. ಎಡ ಅಂಗೈಯಲ್ಲಿ ಕಪ್ಪು ಲಿಂಗ ಅಲುಗದೆ ಕೂತಿತ್ತು. ಬಲಗೈ ಬೆರಳುಗಳನ್ನು ವಿಭೂತಿಗಟ್ಟಿಗೆ ಒರೆಸಿ, ತಿರುಗಿಸಿ, ಲಿಂಗಕ್ಕೆ ವಿಭೂತಿ ಧರಿಸಿದರು. ಬಲಗೈಯಿಂದ ಹೂವು ಏರಿಸಿದರು. ಬಲಗೈ ಹೋಗಿ ಬಂದು ಮಾಡುತ್ತಲೇ ಇತ್ತು, ಎಡಗೈ ಕಲ್ಲಿನ ಹಾಗೆ ನಿಂತಿತ್ತು. ನೋಡುತ್ತ ನೋಡುತ್ತ ನನ್ನ ತಪ್ಪು ನನಗೆ ಹೊಳೆಯಿತು. ಎಡಗೈ ಏನು ಮಾಡಬೇಕೆಂದು ಕೇಳಿದ್ದೆ. ಆ ಹೊತ್ತಿಗೆ ಬಲಗೈ ಏನು ಮಾಡುತ್ತಿರುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಹುಡುಗಿಯನ್ನು ಕೂರಿಸಿ ಎಡ ಅಂಗೈಯಲ್ಲಿ ಲಿಂಬೆಹಣ್ಣು ಇಟ್ಟೆ. ಬಲಗೈ ಚಾಚಿ ಅದನ್ನು ಮುಟ್ಟು ಅಂದೆ. ಬಲಗೈ ಮಗುಚಿ ಬಂತು, ಎಡಗೈಯೂ ಮಗುಚಿತು. ಹಣ್ಣು ನೆಲಕ್ಕೆ ಬಿದ್ದು ಮಂಚದ ಕೆಳಗೆ ಉರುಳಿತು. ಯಾರೂ ಅದನ್ನು ತೆಗೆಯಲು ಹೋಗಲಿಲ್ಲ.

"ಅದು ಲಿಂಗ ಆಗಿದ್ರ?" ಅಂದರು ಆಯಿ. ಲಿಂಗ ಕೈಯಿಂದ ನೆಲಕ್ಕೆ ಬೀಳುವುದು ಆ ಮನೆಯಲ್ಲಿ ಬಾಯಿಬಿಟ್ಟು ಆಡುವ ಮಾತೂ ಅಲ್ಲ. ಅವರು ಅಷ್ಟು ಹೇಳಿದ್ದೇ ಹೆಚ್ಚು.

ಮುಂದಿನ ದಿನಗಳಲ್ಲಿ ನಾನು ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಎಡಗೈಗೆ ಮರದ ಪಟ್ಟಿ ಕಟ್ಟಿ ನೋಡಿದೆ, ಬಲಗೈಯನ್ನು ಬಹಳ ನಿಧಾನ ಆಡಿಸಿ ನೋಡಿದೆ, ಕಣ್ಣು ಮುಚ್ಚಿಸಿ ನೋಡಿದೆ. ಆಗುವುದಿಲ್ಲ ಎಂದು ನನಗೆ ಒಳಗೊಳಗೇ ಗೊತ್ತಿತ್ತು. ಎಡಗೈ ತೆರೆದದ್ದೇ ಬಲಗೈಯ ಜೊತೆ ಹೋಗುವುದರಿಂದ. ಈಗ ಜೊತೆ ಹೋಗಬೇಡ ಅಂದರೆ ಅದು ಎಲ್ಲಿಗೆ ಹೋಗಬೇಕು? ವೈದ್ಯಕೀಯ ಕಾಲೇಜಿಗೆ ಹೋಗಿ ಅವರ ಕ್ರಮದಲ್ಲೇ ಕೈ ಅಳೆಸಿಕೊಂಡು ಬಂದೆವು. ಮುಖ್ಯಸ್ಥರು ದೊಡ್ಡ ಮನಸ್ಸು ಮಾಡಿ ಒಪ್ಪಿದ್ದರು. ಅವರ ಪರೀಕ್ಷೆಯಲ್ಲಿ ಬಲಗೈಯನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟು ಎಡಗೈಯನ್ನು ತಿರುಗಿಸಬೇಕು. ಎಡಗೈ ತಿರುಗಲೇ ಇಲ್ಲ. ಅವರ ಲೆಕ್ಕದಲ್ಲಿ ಆ ಕೈ ಪ್ಲಾಸ್ಟರಿಗೆ ಮೊದಲು ಎಲ್ಲಿತ್ತೋ ಅಲ್ಲೇ ಇತ್ತು.

ಕಡೆಗೆ ನಾನು ಸೋತು ಎರಡು ದಾರಿ ಹೇಳಿದೆ. ಬಲ ಅಂಗೈಯಲ್ಲಿ ಹಿಡಿಯಲಿ, ಇಲ್ಲವೇ ಎಡಗೈಯಲ್ಲಿ ಹಿಡಿದು ಸುಮ್ಮನೆ ಕೂರಲಿ, ವಿಭೂತಿ ಹೂವು ತಾಯಿ ಏರಿಸಲಿ. ಬಲಗೈಯ ಮಾತಿಗೆ ಆಯಿ ಬೇಡವೆಂದು ತಲೆಯಲ್ಲಾಡಿಸಿದರು. ಎರಡನೆಯದಕ್ಕೆ ಒಪ್ಪಿ, "ಅಜ್ಜಾರನ ಕೇಳೂಣು," ಅಂದರು. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು.

"ನನ್ನ ಪೂಜಿ ಅವ್ವ ಮಾಡೂದಾದ್ರ ಲಿಂಗಾನೂ ಅವ್ವನ ಕೊರಳಾಗ ಕಟ್ರಿ," ಅಂದಳು. "ಆಕಿ ನನಗ ಉಣ್ಣಸ್ಯಾಳ, ಜಳಕಾ ಮಾಡಿಸ್ಯಾಳ. ಇದೊಂದು ಬ್ಯಾಡ."

ದಿನ ಗೊತ್ತಾಗಿತ್ತು, ನೆಂಟರಿಗೆ ಹೇಳಿ ಆಗಿತ್ತು, ಹಿಂದೆ ಸರಿಯುವ ಹಾಗಿರಲಿಲ್ಲ. ಮುಂದೆ ಹೋಗುವ ದಾರಿ ನನಗೆ ಕಾಣುತ್ತಿರಲಿಲ್ಲ. ಆಮೇಲೆ ಅವಳು ನನ್ನ ಮುಂದೆ ಅಭ್ಯಾಸ ಮಾಡುವುದನ್ನೇ ನಿಲ್ಲಿಸಿದಳು. "ನಾ ನೋಡ್ಕೋತೇನಿ, ಮೇಡಂ," ಎಂದಷ್ಟೇ ಅಂದಳು. ಕೈಬಿಟ್ಟಳು ಎಂದು ನಾನು ತಿಳಿದೆ.

ದೀಕ್ಷೆಯ ಬೆಳಿಗ್ಗೆ ನಡುಮನೆಯ ತುಂಬ ಜನ. ಅಕ್ಕ ತಂಗಿ ಅಕ್ಕಪಕ್ಕ ಕೂತಿದ್ದರು, ಎದುರಿಗೆ ಅಜ್ಜಾರು. ನಾನು ಹುಡುಗಿಯ ಹಿಂದೆ ಕೂತು, ಬಿದ್ದರೆ ನೆಲ ಮುಟ್ಟದಿರಲೆಂದು ಮಡಿಚಿದ ಶಾಲನ್ನು ಅವಳ ಮಡಿಲಲ್ಲಿ ಇಟ್ಟೆ. ಅವಳು ಅದನ್ನು ಎತ್ತಿ ಪಕ್ಕಕ್ಕೆ ಇಟ್ಟಳು. ಆಯಿ ಅದನ್ನು ಕಂಡರು.

ತಂಗಿಯದು ಮೊದಲು ಮುಗಿಯಿತು. ಆಮೇಲೆ ಅಜ್ಜಾರು ಅಕ್ಕನ ಕಡೆ ತಿರುಗಿ, ಅವಳು ಎರಡೂ ಅಂಗೈ ಮೇಲೆ ಮಾಡುವವರೆಗೆ ಕಾದರು. ಅವಸರ ಮಾಡಲಿಲ್ಲ. ಬಲಗೈ ತೆರೆಯಿತು, ಅದರ ಹಿಂದೆ ಎಡಗೈ. ಮಂತ್ರ ಹೇಳಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟರು. ವಿಭೂತಿಗಟ್ಟಿಯನ್ನು ಅವಳ ಬಲಕ್ಕೆ ಸರಿಸಿದರು. "ಧರಿಸವಾ," ಅಂದರು.

ಹುಡುಗಿ ಬಲಗೈಯನ್ನು ಚಾಚಲಿಲ್ಲ. ಮೊದಲು ಬಿಗಿದಳು. ಇದ್ದ ಬಲವನ್ನೆಲ್ಲ ಹಾಕಿ ಬಲಗೈ ಮುಷ್ಟಿ ಕಟ್ಟಿದಳು. ಎಡಗೈಯೂ ಕಟ್ಟಿತು, ಲಿಂಗ ಮುಷ್ಟಿಯೊಳಗೆ ಮರೆಯಾಯಿತು. ಹಾಗೆ ಬಿಗಿದುಕೊಂಡೇ ಬಲ ಮುಷ್ಟಿಯ ಗೆಣ್ಣುಗಳನ್ನು ವಿಭೂತಿಗಟ್ಟಿಗೆ ಒರೆಸಿ ಮಗುಚಿದಳು. ಎಡ ಮುಷ್ಟಿಯೂ ಮಗುಚಿತು. ಏನೂ ಬೀಳಲಿಲ್ಲ. ಬೀಳಲು ಅಲ್ಲಿ ಜಾಗವೇ ಇರಲಿಲ್ಲ. ಬಲಗೈಯ ಗೆಣ್ಣುಗಳಿಂದ ಎಡ ಮುಷ್ಟಿಯ ಬೆನ್ನಿಗೆ ವಿಭೂತಿ ಎಳೆದಳು. ಸೊಟ್ಟ ಗೆರೆಗಳು.

ಅವಳ ತಾಯಿಯ ಕೈ ತಾನಾಗಿಯೇ ಮುಂದೆ ಬಂತು. ಆಯಿ ಆ ಕೈಯನ್ನು ಹಿಡಿದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

ಅಜ್ಜಾರು ಮುಂದೆ ಬಾಗಿ ಆ ಮುಷ್ಟಿಯನ್ನು ನೋಡಿದರು.

"ಲಿಂಗ ಎಲ್ಲೈತಿ?" ಅಂದರು.

"ಕೈಯಾಗ ಐತ್ರಿ," ಅಂದಳು.

"ಹಂಗಾರ ಹೂವು ಏರಸು," ಎಂದು ಅಜ್ಜಾರು ಹೂವಿನ ಬುಟ್ಟಿಯನ್ನು ಅವಳ ಮುಂದಕ್ಕೆ ತಳ್ಳಿದರು.